ಯಂತ್ರದ ಕಸೂತಿಯಲ್ಲಿ ಎಳೆ ಬಿಟ್ಟ ಸೇವಂತಿಗೆ

ರವಿಕೆಯ ತೋಳಿನ ಮೇಲೆ ಯಂತ್ರದಲ್ಲಿ ಕಸೂತಿ ಮಾಡಿದ ಸೇವಂತಿಗೆಯ ಎಸಳುಗಳು ಸೆರಗಿನ ಕುಚ್ಚಿನಂತೆ ಬಿಡಿಬಿಡಿಯಾಗಿ ಎದ್ದು ನಿಲ್ಲಬೇಕೆಂಬುದು ನನ್ನ ಬಹುದಿನದ ಆಸೆಯಾಗಿತ್ತು. ಇದಕ್ಕಾಗಿ ಸುಮಾರು 8 ಮಿಲಿಮೀಟರ್ ಅಗಲದ ಸ್ಯಾಟಿನ್ ಹೊಲಿಗೆಯನ್ನು (ಎಳೆಗಳು ಒತ್ತೊತ್ತಾಗಿ ಅಡ್ಡಡ್ಡ ಕೂರುವ ಹೊಲಿಗೆ) ಹಾಕಿ, ಅದರ ಒಳ ಅಂಚಿನ ಮೇಲೆ ಮಾತ್ರ 2 ಮಿಲಿಮೀಟರಿನ ಇನ್ನೊಂದು ಒತ್ತಾದ ಹೊಲಿಗೆಯನ್ನು ಹಾಕಬೇಕು. ಕೊನೆಗೆ ಎಳೆಗಳನ್ನು ಹಿಡಿದಿಡುವುದು ಈ ಕಿರುಪಟ್ಟಿಯೊಂದೇ. ಹೂವಿನ ಎಸಳುಗಳ ಹೊರಸುತ್ತು ಮೊದಲು, ಒಳಸುತ್ತು ಅನಂತರ. ಎಲ್ಲವೂ ಮುಗಿದ ಮೇಲೆ ಬಟ್ಟೆಯನ್ನು ಮಗುಚಿ, ಹೊಲಿಗೆಯ ಹೊರ ಅಂಚಿನುದ್ದಕ್ಕೂ ಬಾಬಿನ್ ದಾರವನ್ನಷ್ಟೇ (ಯಂತ್ರದ ಕೆಳಗಿನ ಉರುಳೆಯಿಂದ ಬರುವ ದಾರ) ಸಣ್ಣ ಕತ್ತರಿಯಿಂದ ಕತ್ತರಿಸಿ, ಮುಂಭಾಗದಿಂದ ಸೂಜಿಯ ಮೊನೆಯಲ್ಲಿ ಎಳೆಗಳನ್ನು ಮೆಲ್ಲಗೆ ಎತ್ತಿದರೆ ಅವು ಕುಣಿಕೆಗಳಾಗಿ ಹೊರಬರುತ್ತವೆ. ಬಾಬಿನ್ನಿಗೆ ಬೇರೆ ಬಣ್ಣದ ದಾರವನ್ನು ಸುತ್ತಿಕೊಂಡರೆ ಯಾವುದನ್ನು ಕತ್ತರಿಸಬೇಕೆಂಬುದು ತಪ್ಪುವುದಿಲ್ಲ. ಕುಣಿಕೆಗಳನ್ನು ಸೀಳಿ ಜೂಲಾಗಿಸುವವರೂ ಇದ್ದಾರೆ; ಆದರೆ ರೇಯಾನ್ ದಾರದ ಹೊಳಪು ಆ ಬಾಗಿನಲ್ಲಿಯೇ ಚೆನ್ನಾಗಿ ಕಾಣುವುದರಿಂದ ನಾನು ಅವನ್ನು ಹಾಗೆಯೇ ಉಳಿಸುತ್ತೇನೆ.