ಅದೇ ಡ್ರ್ಯಾಗನ್, ಅದೇ ನೆಪೋಲಿಯನ್, ಬೋರ್ ಆಗಲ್ವಾ?

ಟೆಮೆರೇರ್ ಅನ್ನೋ ಕಾದಂಬರಿ ಸರಣಿಯ ಮುಂದಿನ ಭಾಗ ಶುರು ಮಾಡಿದೆ ಅಂತ ಹೇಳಿದ ಕೂಡಲೇ ನನಗೆ ಬರುವ ಪ್ರಶ್ನೆ ಒಂದೇ. ಒಂಬತ್ತು ಪುಸ್ತಕ ಅಂತೆ, ಎಲ್ಲದರಲ್ಲೂ ಅದೇ ಡ್ರ್ಯಾಗನ್, ಅದೇ ನೆಪೋಲಿಯನ್, ಕೊನೆಗೆ ಯಾರು ಸೋತರು ಅನ್ನೋದು ಶಾಲೆಯ ಪುಸ್ತಕದಲ್ಲೇ ಇದೆ, ಇನ್ನೇನು ಉಳಿದಿದೆ ಅಂತ ಓದ್ತೀಯಾ? ಬೋರ್ ಆಗಲ್ವಾ?

ಆಗಲ್ಲ. ಒಂದೆರಡು ಕಡೆ ಆಗಿದೆ, ಅದನ್ನೂ ಹೇಳುತ್ತೇನೆ. ಉತ್ತರ ಕೊಡಬೇಕಾದರೆ ಕಥೆಯ ಕೆಲವು ಗುಟ್ಟು ಬಿಟ್ಟುಕೊಡಲೇಬೇಕು. ಅದು ಬೇಡ ಅನ್ನುವವರು ಪುಸ್ತಕ ಓದಿಕೊಂಡು ಆಮೇಲೆ ಬನ್ನಿ, ನಾನೇನೂ ಬೇಜಾರು ಮಾಡಿಕೊಳ್ಳಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪದರಲ್ಲಿ ಹೇಳಿಬಿಡುತ್ತೇನೆ. ಇದು ನವೋಮಿ ನೋವಿಕ್ ಬರೆದ ಸರಣಿ. ಮೊದಲ ಮೂರು ಪುಸ್ತಕಗಳು 2006ರಲ್ಲೇ ಬಂದವು, ಒಂಬತ್ತನೆಯದು 2016ರಲ್ಲಿ. ಕಾಲ ನೆಪೋಲಿಯನ್ ಯುದ್ಧಗಳದ್ದು. ಸೈನ್ಯಗಳಲ್ಲಿ ಕುದುರೆ, ಫಿರಂಗಿ, ಹಡಗುಗಳ ಜೊತೆಗೆ ಡ್ರ್ಯಾಗನ್‌ಗಳೂ ಇವೆ. ಮಂತ್ರ ಇಲ್ಲ, ಮಾಂತ್ರಿಕರಿಲ್ಲ. ಬ್ರಿಟಿಷ್ ನೌಕಾಪಡೆಯ ಕ್ಯಾಪ್ಟನ್ ವಿಲಿಯಂ ಲಾರೆನ್ಸ್ ಒಂದು ಫ್ರೆಂಚ್ ಹಡಗನ್ನು ಹಿಡಿಯುತ್ತಾನೆ. ಅದರೊಳಗೆ ಒಂದು ಮೊಟ್ಟೆ, ಚೀನಾದ ಚಕ್ರವರ್ತಿ ನೆಪೋಲಿಯನ್‌ಗೆ ಕಳಿಸಿದ ಉಡುಗೊರೆ. ದಡ ಸೇರುವ ಮೊದಲೇ ಮರಿ ಹೊರಬರುತ್ತದೆ, ಬಂದದ್ದೇ ಲಾರೆನ್ಸ್‌ನನ್ನು ಆರಿಸಿಕೊಳ್ಳುತ್ತದೆ. ಅದೇ ಟೆಮೆರೇರ್. ಅಲ್ಲಿಗೆ ಲಾರೆನ್ಸ್‌ನ ನೌಕಾಪಡೆಯ ಬದುಕು ಮುಗಿಯಿತು. ಅವನು ವಾಯುಪಡೆ ಸೇರಬೇಕು, ಮರ್ಯಾದಸ್ಥರು ಮೂಗು ಮುರಿಯುವ ಪಡೆ ಅದು.

ಈಗ "ಕೊನೆ ಗೊತ್ತು" ಅನ್ನೋ ಮಾತಿಗೆ ಬರೋಣ. ಕೊನೆ ಗೊತ್ತಿರುವುದರಿಂದಲೇ ಇಲ್ಲಿ ಮಜಾ. 1805ರಲ್ಲಿ ನೆಪೋಲಿಯನ್‌ನ ಸೈನ್ಯ ಫ್ರಾನ್ಸಿನ ಬುಲೋನ್ ಹತ್ತಿರ ಕಡಲಂಚಿನಲ್ಲಿ ಬೀಡುಬಿಟ್ಟು ಇಂಗ್ಲೆಂಡಿಗೆ ದಾಟಲು ಕಾಯುತ್ತಿತ್ತು. ದಾಟಲು ಆಗಲಿಲ್ಲ, ಯಾಕೆಂದರೆ ನಡುವೆ ಬ್ರಿಟಿಷ್ ನೌಕಾಪಡೆ ಇತ್ತು. ಇಷ್ಟು ಇತಿಹಾಸ. ಇಲ್ಲಿಗೆ ಡ್ರ್ಯಾಗನ್ ತಂದಿಟ್ಟರೆ ಲೆಕ್ಕ ಎಲ್ಲಿ ತಪ್ಪುತ್ತದೆ? ಸಮುದ್ರವನ್ನು ಎಷ್ಟೇ ಕಾವಲು ಕಾದರೂ ಮೇಲಿನಿಂದ ಸೈನಿಕರನ್ನು ಹೊತ್ತು ತರಬಹುದಲ್ಲ! ಮೊದಲ ಪುಸ್ತಕದ ಕೊನೆಯಲ್ಲಿ ಆಗುವುದು ಅದೇ. ಟ್ರಫಾಲ್ಗರ್ ಯುದ್ಧ ನಡೆಯುತ್ತದೆ, ಬ್ರಿಟಿಷರು ಗೆಲ್ಲುತ್ತಾರೆ, ಊರೆಲ್ಲ ಹಬ್ಬ, ಅಷ್ಟರಲ್ಲಿ ಇಂಗ್ಲೆಂಡಿನ ಕರಾವಳಿಯ ಡೋವರ್ ಕಡೆಗೆ ಆಕಾಶದಲ್ಲಿ ಸೈನ್ಯ ಬರುತ್ತದೆ. ಇನ್ನೊಂದು ಚಿಕ್ಕ ಬದಲಾವಣೆ: ಆ ಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಯ ಮುಖ್ಯಸ್ಥನಾಗಿದ್ದ ನೆಲ್ಸನ್ ಸಾಯುವುದಿಲ್ಲ. ನಿಜದಲ್ಲಿ 1805ರ ಅಕ್ಟೋಬರ್ 21ರಂದು ಹಡಗಿನ ಮೇಲೆ ಸತ್ತ ಮನುಷ್ಯ ಇಲ್ಲಿ ಸುಟ್ಟ ಗಾಯಗಳೊಂದಿಗೆ ಬದುಕಿ ಉಳಿಯುತ್ತಾನೆ. ಆ ಸಾಲು ಬಂದಾಗ ಎದೆ ಝಲ್ ಅಂದಿತು. ನೆಲ್ಸನ್ ಉಳಿದರೆ ಇನ್ನು ಏನೇನು ಉಳಿಯಬಹುದು, ಏನೇನು ಹೋಗಬಹುದು ಅನ್ನೋ ಅನುಮಾನ ಅಲ್ಲಿಂದ ಶುರು. ಶಾಲೆಯ ಪುಸ್ತಕದ ಭರವಸೆ ಅಲ್ಲಿಗೇ ಮುಗಿಯಿತು.

(ನಡುವೆ ಒಂದು ಮಾತು. ಯುದ್ಧಕ್ಕೆ ಆಕಾಶ ಬಳಸಿಕೊಳ್ಳುವ ಯೋಚನೆ ಪೂರ್ತಿ ಕಟ್ಟುಕಥೆ ಅಲ್ಲ. 1794ರಲ್ಲಿ ಫ್ರೆಂಚರು ಬಲೂನ್ ಪಡೆಯನ್ನೇ ಕಟ್ಟಿದ್ದರು, ಅದೇ ವರ್ಷ ಫ್ಲೂರಸ್ ಯುದ್ಧದಲ್ಲಿ ಬಲೂನ್ ಮೇಲಿಂದ ಶತ್ರುಗಳ ಚಲನೆ ನೋಡಿದ್ದರು. 1799ರಲ್ಲಿ ಆ ಪಡೆಯನ್ನು ಮುಚ್ಚಿಬಿಟ್ಟರು.)

ಆದರೆ ಯುದ್ಧದ ಫಲಿತಾಂಶ ತಿಳಿಯಲಿಕ್ಕೇ ನಾನು ಹೊಸ ಭಾಗ ತೆರೆಯುವುದಿಲ್ಲ. ನಿಜ ಹೇಳಬೇಕೆಂದರೆ ಕಾಳಗದ ಪುಟಗಳನ್ನು ಕೆಲವು ಸಲ ಬೇಗ ಬೇಗ ತಿರುವಿದ್ದೇನೆ. ನನ್ನನ್ನು ಹಿಡಿದಿಡುವುದು ಬೇರೆ. ಹೆಚ್ಚಿನ ಭಾಗಗಳಲ್ಲಿ ಕಥೆ ಹೊಸ ದೇಶಕ್ಕೆ ಹೋಗುತ್ತದೆ, ಅಲ್ಲಿ ಡ್ರ್ಯಾಗನ್ ಅಂದರೆ ಯಾರು ಅನ್ನೋದು ಪೂರ್ತಿ ಬದಲಾಗುತ್ತದೆ. ಪ್ರಾಣಿಯೋ, ಸಿಪಾಯಿಯೋ, ಪ್ರಜೆಯೋ, ಯಜಮಾನನೋ?

ಇಂಗ್ಲೆಂಡಿನಲ್ಲಿ ಡ್ರ್ಯಾಗನ್ ಮಾತಾಡುತ್ತದೆ, ಯೋಚಿಸುತ್ತದೆ, ಟೆಮೆರೇರ್‌ಗಂತೂ ಗಣಿತ ಅಂದರೆ ಪ್ರಾಣ. ಆದರೂ ಕಾನೂನಿನ ಕಣ್ಣಲ್ಲಿ ಅದು ಸರ್ಕಾರದ ಸೊತ್ತು. ಬಯಲಲ್ಲಿ ಮಲಗಬೇಕು, ಹಸಿ ಮಾಂಸ ತಿನ್ನಬೇಕು, ಹೇಳಿದ ಕಡೆ ಹಾರಬೇಕು. ಎರಡನೇ ಭಾಗದಲ್ಲಿ ಟೆಮೆರೇರ್ ಚೀನಾಕ್ಕೆ ಹೋಗುತ್ತಾನೆ. ಅಲ್ಲಿ ಬೀದಿಗಳು ಡ್ರ್ಯಾಗನ್ ನಡೆಯುವಷ್ಟು ಅಗಲ. ಡ್ರ್ಯಾಗನ್‌ಗಳು ಓದು ಬರಹ ಕಲಿಯುತ್ತವೆ, ಅಂಗಡಿಗೆ ಹೋಗಿ ತಮ್ಮ ದುಡ್ಡು ಕೊಟ್ಟು ಸಾಮಾನು ಕೊಳ್ಳುತ್ತವೆ. ಒಂದು ಸಲ ಇದನ್ನು ಕಂಡ ಮೇಲೆ ಅವನು ಹಳೇ ಟೆಮೆರೇರ್ ಆಗಿ ಉಳಿಯಲು ಸಾಧ್ಯವಾ? ವಾಪಸ್ ಬಂದ ಮೇಲೆ ಅವನ ಬಾಯಲ್ಲಿ ಒಂದೇ ಮಾತು: ನಮಗೆ ಸಂಬಳ ಯಾಕಿಲ್ಲ? ಲಾರೆನ್ಸ್ ಹತ್ತಿರ ಉತ್ತರ ಇಲ್ಲ. ಯುದ್ಧ ಮುಗಿಯಲಿ, ಆಮೇಲೆ ನೋಡೋಣ ಅನ್ನುತ್ತಾನೆ. ಈ "ಆಮೇಲೆ" ಯಾರು ಯಾರಿಗೆ ಹೇಳುತ್ತಾ ಬಂದಿದ್ದಾರೆ ಅಂತ ನಿಮಗೂ ಗೊತ್ತಿದೆ.

ನಾಲ್ಕನೇ ಭಾಗದಲ್ಲಿ ಆಫ್ರಿಕಾ. ಅಲ್ಲಿನ ತ್ಸ್ವಾನಾ ಜನ ತಮ್ಮ ಹಿರಿಯರೇ ಡ್ರ್ಯಾಗನ್ ಆಗಿ ಮತ್ತೆ ಹುಟ್ಟಿದ್ದಾರೆ ಅಂತ ನಂಬುತ್ತಾರೆ. ಅಜ್ಜ ಡ್ರ್ಯಾಗನ್ ಆಗಿ ಬಂದಿದ್ದಾನೆ, ಮೊಮ್ಮಕ್ಕಳನ್ನು ಗುಲಾಮರಾಗಿ ಹಿಡಿದುಕೊಂಡು ಹೋಗಿದ್ದಾರೆ ಅಂತ ತಿಳಿದರೆ ಸುಮ್ನೆ ಇರುತ್ತಾನಾ? ಗುಲಾಮರ ವ್ಯಾಪಾರದ ಬಂದರುಗಳು ಒಂದೊಂದಾಗಿ ನೆಲಸಮ ಆಗುತ್ತವೆ. ನಿಜ ಇತಿಹಾಸದಲ್ಲಿ ಬ್ರಿಟನ್ ಆ ವ್ಯಾಪಾರವನ್ನು ಕಾನೂನು ಮಾಡಿ ನಿಲ್ಲಿಸಿದ್ದು 1807ರಲ್ಲಿ. ಅದಕ್ಕಾಗಿ ಹೋರಾಡಿದ ವಿಲ್ಬರ್‌ಫೋರ್ಸ್ ಕೂಡ ಈ ಪುಸ್ತಕದಲ್ಲಿ ಬರುತ್ತಾನೆ. ಸಂಸತ್ತಿನಲ್ಲಿ ಭಾಷಣ, ಕರಾವಳಿಯಲ್ಲಿ ಬೆಂಕಿ, ಎರಡೂ ಒಂದೇ ಪುಸ್ತಕದಲ್ಲಿ.

ಏಳನೇ ಭಾಗ ನನಗೆ ಇನ್ನೂ ಇಷ್ಟ. ಇಂಕಾ ಸಾಮ್ರಾಜ್ಯ ಅಳಿದಿಲ್ಲ, ಡ್ರ್ಯಾಗನ್‌ಗಳಿಂದಾಗಿ ಸ್ಪೇನಿಗೆ ಅದನ್ನು ಗೆಲ್ಲಲು ಆಗಿಲ್ಲ. ಆದರೆ ರೋಗಗಳನ್ನು ತಡೆಯಲು ಡ್ರ್ಯಾಗನ್‌ಗೂ ಆಗಿಲ್ಲ. ಜನಸಂಖ್ಯೆ ಕುಸಿದಿದೆ. ಉಳಿದ ಮನುಷ್ಯರನ್ನು ಡ್ರ್ಯಾಗನ್‌ಗಳು ತಮ್ಮವರು ಅಂತ ಕಾಯುತ್ತವೆ, ಬೇರೆಯವರ ಮನುಷ್ಯರ ಮೇಲೆ ಕಣ್ಣು ಹಾಕುತ್ತವೆ, ಅವರಿಗಾಗಿ ಜಗಳ ಆಡುತ್ತವೆ. ಪ್ರೀತಿ ಇದೆ, ಅದರಲ್ಲಿ ಸುಳ್ಳಿಲ್ಲ. ಆದರೂ ಅದು ಒಡೆತನವೇ. ಇಂಗ್ಲೆಂಡಿನ ಕ್ಯಾಪ್ಟನ್ ತನ್ನ ಡ್ರ್ಯಾಗನ್ ಬಗ್ಗೆ ಆಡುವ ಮಾತನ್ನೇ ಇಲ್ಲಿ ಡ್ರ್ಯಾಗನ್ ತನ್ನ ಮನುಷ್ಯರ ಬಗ್ಗೆ ಆಡುತ್ತದೆ. ಆರು ಪುಸ್ತಕ ಓದಿಕೊಂಡು ಬಂದವರಿಗೆ ಮಾತ್ರ ಇದು ಎಷ್ಟು ಚುಚ್ಚುತ್ತದೆ ಅಂತ ಗೊತ್ತಾಗುತ್ತದೆ. ಮುಂದಿನ ಭಾಗ ಅಂತ ಒಂದು ಇರಬೇಕಾದದ್ದು ಇಂಥದ್ದಕ್ಕೇ, ಅಲ್ವಾ?

ಹೆಂಗಸರ ವಿಷಯವೂ ಹೀಗೇ. ಲಾಂಗ್‌ವಿಂಗ್ ಅನ್ನೋ ತಳಿಯ ಡ್ರ್ಯಾಗನ್‌ಗಳು ಆಮ್ಲ ಉಗುಳುತ್ತವೆ, ಬ್ರಿಟನ್‌ಗೆ ಅವು ಬೇಕೇ ಬೇಕು. ಆದರೆ ಅವು ಒಪ್ಪುವುದು ಹೆಣ್ಣು ಕ್ಯಾಪ್ಟನ್‌ಗಳನ್ನು ಮಾತ್ರ. ಹಾಗಾಗಿ ಆ ಕಾಲದ ಇಂಗ್ಲೆಂಡಿನಲ್ಲಿ ಸಮವಸ್ತ್ರ ತೊಟ್ಟು ಕಾಳಗಕ್ಕೆ ಹೋಗುವ ಹೆಂಗಸರಿದ್ದಾರೆ, ಹೊರಗಿನವರಿಗೆ ಅದು ಗುಟ್ಟು. ಮೊದಲ ಪುಸ್ತಕದಲ್ಲಿ ಇದನ್ನು ಕಂಡು ಲಾರೆನ್ಸ್‌ಗೆ ಮುಖ ಎಲ್ಲಿಡಬೇಕು ಅಂತ ತಿಳಿಯುವುದಿಲ್ಲ. ಪುಸ್ತಕಗಳು ಮುಂದುವರಿದ ಹಾಗೆ ಜೇನ್ ರೋಲೆಂಡ್ ಅನ್ನೋ ಹೆಂಗಸಿನ ಕೈಕೆಳಗೇ ಅವನು ಕೆಲಸ ಮಾಡುತ್ತಾನೆ.

ಊಟದ ಲೆಕ್ಕ ಹೇಳದೆ ಮುಂದೆ ಹೋಗಲಾರೆ. ಡ್ರ್ಯಾಗನ್ ಕಥೆಗಳಲ್ಲಿ ಸಾಮಾನ್ಯವಾಗಿ ಡ್ರ್ಯಾಗನ್ ಏನು ತಿನ್ನುತ್ತದೆ ಅಂತ ಯಾರೂ ತಲೆಕೆಡಿಸಿಕೊಳ್ಳಲ್ಲ. ಇಲ್ಲಿ ಅದೇ ದೊಡ್ಡ ತಲೆನೋವು. ದೊಡ್ಡ ತಳಿಯ ಒಂದು ಡ್ರ್ಯಾಗನ್‌ಗೆ ಹೊಟ್ಟೆ ತುಂಬಲು ದನವೇ ಬೇಕು. ಸೈನ್ಯ ಹೋದಲ್ಲೆಲ್ಲ ದನದ ಹಿಂಡು ಹೋಗಬೇಕು, ಹಿಂಡಿಗೆ ಮೇವು ಬೇಕು. ಚೀನಾದವರು ಮಾಂಸದ ಜೊತೆ ಧಾನ್ಯ ಸೇರಿಸಿ ಗಂಜಿ ಕಾಯಿಸಿ ಬಡಿಸುತ್ತಾರೆ, ಅಷ್ಟೇ ಮಾಂಸದಲ್ಲಿ ಜಾಸ್ತಿ ಹೊಟ್ಟೆ ತುಂಬುತ್ತದೆ. ಸುಮ್ನೆ ಒಂದು ಅಡುಗೆಯ ವಿವರ ಅಂತ ಎರಡನೇ ಭಾಗದಲ್ಲಿ ಓದಿಕೊಂಡು ಹೋಗುತ್ತೇವೆ, ಮುಂದಿನ ಭಾಗಗಳಲ್ಲಿ ಯಾವ ಸೈನ್ಯ ಎಷ್ಟು ಡ್ರ್ಯಾಗನ್ ಸಾಕಬಲ್ಲದು ಅನ್ನೋದನ್ನೇ ಅದು ತೀರ್ಮಾನಿಸುತ್ತದೆ. 1812ರ ರಷ್ಯಾ ಬಂದಾಗ ಇದರ ಬೆಲೆ ತಿಳಿಯುತ್ತದೆ. ನಿಜದಲ್ಲಿ ಆ ವರ್ಷ ನೆಪೋಲಿಯನ್ 6 ಲಕ್ಷಕ್ಕೂ ಹೆಚ್ಚು ಜನರನ್ನು ಈ ದಂಡಯಾತ್ರೆಗೆ ಸೇರಿಸಿದ್ದ, ಹಸಿವು, ಟೈಫಸ್ ಮತ್ತು ಚಳಿ ಸೇರಿ ಆ ಸೈನ್ಯವನ್ನು ತಿಂದುಹಾಕಿದವು. ಕುದುರೆಗೇ ಮೇವು ಸಿಗದ ನೆಲದಲ್ಲಿ ಡ್ರ್ಯಾಗನ್‌ಗೆ ದನ ಎಲ್ಲಿಂದ ತರೋದು? ರಷ್ಯಾದ ಭಾಗ ಓದುವಾಗ ನನಗೆ ಕತ್ತಿ, ಫಿರಂಗಿಗಿಂತ ಈ ಪ್ರಶ್ನೆಯೇ ಜಾಸ್ತಿ ಭಯ ಹುಟ್ಟಿಸಿತು.

ಇನ್ನು ಲಾರೆನ್ಸ್. ಮೊದಲ ಪುಸ್ತಕದಲ್ಲಿ ಅವನು ಗಂಜಿ ಹಾಕಿ ಇಸ್ತ್ರಿ ಮಾಡಿದ ಅಂಗಿಯ ಹಾಗೆ. ಕರ್ತವ್ಯ, ಮಾನ, ರಾಜನಿಷ್ಠೆ, ಮುಗೀತು. ಇಂಥ ಮನುಷ್ಯ ನಾಲ್ಕನೇ ಭಾಗದ ಕೊನೆಯಲ್ಲಿ ದೇಶದ್ರೋಹ ಮಾಡುತ್ತಾನೆ. ಬ್ರಿಟಿಷ್ ಸರ್ಕಾರ ರೋಗ ಹಿಡಿದ ಡ್ರ್ಯಾಗನ್ ಒಂದನ್ನು ಬೇಕಂತಲೇ ಫ್ರಾನ್ಸಿಗೆ ಕಳಿಸಿರುತ್ತದೆ, ಅಲ್ಲಿನ ಡ್ರ್ಯಾಗನ್‌ಗಳೆಲ್ಲ ಸಾಯಲಿ ಅಂತ. ಲಾರೆನ್ಸ್ ಮತ್ತು ಟೆಮೆರೇರ್ ಔಷಧಿಯನ್ನು ಶತ್ರುವಿಗೆ ಕೊಟ್ಟು ಬರುತ್ತಾರೆ. ಫ್ರಾನ್ಸಿನಲ್ಲೇ ಉಳಿಯಬಹುದಿತ್ತು. ನೇಣು ಖಚಿತ ಅಂತ ಗೊತ್ತಿದ್ದೂ ಲಾರೆನ್ಸ್ ಇಂಗ್ಲೆಂಡಿಗೇ ಹಿಂತಿರುಗುತ್ತಾನೆ. ಈ ಪುಸ್ತಕ ಬಂದದ್ದು 2007ರಲ್ಲಿ, ಮುಂದಿನದು 2008ರಲ್ಲಿ. ನಡುವೆ ಕಾದವರ ಕಷ್ಟ ನೆನೆದರೆ ಅಯ್ಯೋ ಅನ್ನಿಸುತ್ತದೆ. ಐದನೇ ಭಾಗದಲ್ಲಿ ನೆಪೋಲಿಯನ್ ನಿಜವಾಗಿಯೂ ಇಂಗ್ಲೆಂಡಿಗೆ ಕಾಲಿಡುತ್ತಾನೆ, ಲಂಡನ್ ಅವನ ಕೈ ಸೇರುತ್ತದೆ. ಶಾಲೆಯಲ್ಲಿ ಇದನ್ನು ಓದಿದ್ದೀರಾ?

ಬೋರ್ ಆದ ಕಡೆ ಹೇಳುತ್ತೇನೆ ಅಂದಿದ್ದೆ. ಆರನೇ ಭಾಗ. ಆಸ್ಟ್ರೇಲಿಯಾ. ಶುರು ಚೆನ್ನಾಗಿದೆ, 1808ರಲ್ಲಿ ಅಲ್ಲಿನ ಬ್ರಿಟಿಷ್ ಗವರ್ನರ್ ಬ್ಲೈ ಅವರನ್ನು ಸೈನಿಕರೇ ಕುರ್ಚಿಯಿಂದ ಇಳಿಸಿದ ನಿಜ ಘಟನೆಯ ಬೆನ್ನಿಗೇ ಕಥೆ ಬರುತ್ತದೆ. ಆಮೇಲೆ ಮರಳುಗಾಡು, ಮತ್ತೆ ಮರಳುಗಾಡು, ಕದ್ದ ಮೊಟ್ಟೆಯ ಹುಡುಕಾಟ, ಇನ್ನಷ್ಟು ಮರಳುಗಾಡು. ಎಂಟನೇ ಭಾಗದಲ್ಲಿ ಲಾರೆನ್ಸ್‌ಗೆ ನೆನಪು ಹೋಗುತ್ತದೆ, ಹಳೇ ಸಿನಿಮಾ ತಂತ್ರ, ನನಗೆ ಹಿಡಿಸಲಿಲ್ಲ. ಏಳು ಪುಸ್ತಕದಲ್ಲಿ ಬದಲಾದ ಮನುಷ್ಯ ತಾನು ಬದಲಾದದ್ದನ್ನೇ ಮರೆತರೆ ಏನಾಗುತ್ತದೆ ಅನ್ನೋ ಯೋಚನೆ ಒಳ್ಳೆಯದೇ, ಒಪ್ಪುತ್ತೇನೆ. ಆದರೂ ಅದಕ್ಕೆ ಅಷ್ಟು ಪುಟ ಬೇಕಿರಲಿಲ್ಲ.

ಇದೆಲ್ಲ ಕೇಳಿದ ಮೇಲೆ ಕೆಲವರು ಎರಡನೇ ಪ್ರಶ್ನೆ ತೆಗೆಯುತ್ತಾರೆ: ಸರಿ, ಹಾಗಾದರೆ ನಡುವಿನಿಂದ ಶುರು ಮಾಡಬಹುದಾ? ಬೇಡ. ಮೊದಲನೆಯದರಿಂದಲೇ ಶುರು ಮಾಡಿ, ಅದು ಹಿಡಿಸದಿದ್ದರೂ ಎರಡನೆಯದರಲ್ಲಿ ಚೀನಾ ತಲುಪುವ ತನಕ ಓದಿ, ಆಗಲೂ ಹಿಡಿಸದಿದ್ದರೆ ಬಿಟ್ಟುಬಿಡಿ. ಆರನೆಯದರಲ್ಲಿ ಮರಳುಗಾಡಿನ ಪುಟಗಳನ್ನು ಹಾರಿಸಿದರೆ ನಾನೇನೂ ಕೇಳಲ್ಲ, ಆದರೆ ಕೊನೆಯಲ್ಲಿ ಚೀನಾದವರು ಸಮುದ್ರ ಸರ್ಪಗಳಿಂದ ಸರಕು ಸಾಗಿಸುವ ಬಂದರು ಬರುತ್ತದೆ, ಅದನ್ನು ಮಾತ್ರ ಬಿಡಬೇಡಿ.