ಗೌಡರ ಪೈಪಿಗೆ ಅಂಟಿದ್ದ ವಾರ್ನಿಶ್

ತಂಬಾಕು ಸೇದುವ ಮರದ ಪೈಪಿಗೆ ವಾರ್ನಿಶ್ ಬಳಿದರೆ ಅಂಗಡಿಯ ಗಾಜಿನೊಳಗೆ ಚೆನ್ನಾಗಿ ಕಾಣುತ್ತದೆ. ಕೈಯಲ್ಲಿ ಹಿಡಿದರೆ ಮಾತ್ರ ಮರ ಸಿಗುವುದಿಲ್ಲ, ವಾರ್ನಿಶ್ಶೇ ಸಿಗುತ್ತದೆ. ಸಕಲೇಶಪುರದ ಕಡೆಯ ತೋಟದ ಗೌಡರೊಬ್ಬರು ಹಳೇ ಪೈಪ್ ತಂದು, "ಇದಕ್ಕೆ ಇನ್ನೊಂದು ಕೋಟ್ ಹೊಡೆದುಕೊಡಪ್ಪ" ಅಂದರು. "ಹೊಡೆಯೋದು ಬೇಡ ಗೌಡ್ರೇ, ಇರೋದನ್ನ ತೆಗೆಯೋಣ" ಅಂದೆ.

ಅವರ ತಂದೆ ತೋಟ ಕೊಂಡಾಗ ಬಂಗಲೆಯ ಸಾಮಾನಿನ ಜೊತೆ ಬಂದ ಪೈಪಂತೆ ಅದು. ಗೌಡರು ಸೇದುವುದಿಲ್ಲ. ಸುಮ್ನೆ ಕೈಯಲ್ಲಿ ಹಿಡಿದು ಮಾತಾಡುತ್ತಾರೆ. ಸೇದದಿದ್ದರೂ ದಿನಾ ಕೈಯಲ್ಲಿರುವ ವಸ್ತು, ಅಲ್ವಾ? ಬೆರಳಿಗೆ ಮರವೇ ತಾಗಬೇಕು. ಇದು ನನ್ನ ಹಟ.

ನಮ್ಮಪ್ಪ ಫರ್ನಿಚರ್ ಪಾಲಿಶ್ ಕೆಲಸ ಮಾಡುತ್ತಿದ್ದರು. ಹಳೇ ಸಾಮಾನು ಕೈಗೆ ಬಂದರೆ ಮೊದಲು ಮೇಲಿರುವುದು ಏನು ಅಂತ ತಿಳಿಯಬೇಕು ಅನ್ನೋದು ಅವರ ರೂಢಿ. ಹತ್ತಿಯಲ್ಲಿ ಸ್ಪಿರಿಟ್ ತಗೊಂಡು ಕಾಣದ ಜಾಗದಲ್ಲಿ ಒತ್ತಿ ಹಿಡಿಯಬೇಕು. ಅಂಟಂಟಾದರೆ ಅದು ಅರಗು, ಅಂದರೆ ಫ್ರೆಂಚ್ ಪಾಲಿಶ್. ಸ್ಪಿರಿಟ್‌ಗೆ ಬಗ್ಗದೆ ಥಿನ್ನರ್‌ಗೋ ಅಸಿಟೋನ್‌ಗೋ ಮೆತ್ತಗಾದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಬಹುತೇಕ ಪಾಲಿಯುರೆಥೇನ್, ಅಂದರೆ ಪ್ಲಾಸ್ಟಿಕ್‌ನಂಥ ಗಟ್ಟಿ ವಾರ್ನಿಶ್. ಅದನ್ನು ಉಜ್ಜಿ ತೆಗೆಯಬೇಕು. ಈ ಪೈಪಿನ ಮೇಲಿದ್ದದ್ದು ಲ್ಯಾಕರ್. ತಂಬಾಕು ತುಂಬುವ ಬಟ್ಟಲಿನ ಬಾಯಿಯ ಅಂಚಿನಲ್ಲಿ ಬಿಸಿಗೆ ಗುಳ್ಳೆ ಎದ್ದು ಸಿಪ್ಪೆ ಸಿಪ್ಪೆಯಾಗಿತ್ತು. ಉಳಿದ ಕಡೆ ಕಪ್ಪುಗೆಂಪಾಗಿ ಗಟ್ಟಿಯಾಗಿ ಕೂತಿತ್ತು.

ಬಟ್ಟಲಿಗೆ ಹತ್ತಿ ತುಂಬಿ, ಕಿಟಕಿ ತೆಗೆದಿಟ್ಟು, ಅಸಿಟೋನ್ ಹಚ್ಚಿ ಒರೆಸುತ್ತಾ ಹೋದೆ. ಹತ್ತಿಗೆ ಕೆಂಪು ಬಣ್ಣ ಇಳಿಯಿತು. ಬಟ್ಟಲಿಗೆ ಸೇರಿದ ಮರದ ಕಾಂಡದ ಮೇಲೆ 'ಬ್ರಯರ್' ಅಂತ ಒತ್ತಿದ ಅಕ್ಷರಗಳಿವೆ. ಅಲ್ಲಿ ಒರೆಸಿದ್ದಷ್ಟೇ. ಆಮೇಲೆ ಟೇಪ್ ಅಂಟಿಸಿಬಿಟ್ಟೆ. ಸ್ಯಾಂಡ್ ಪೇಪರ್ ತಾಗಿದರೆ ಅಕ್ಷರ ಸವೆಯುತ್ತದೆ, ಸವೆದ ಅಕ್ಷರ ಮತ್ತೆ ಬರುವುದಿಲ್ಲ.

ಒಳಗಿನ ಮರ ನೋಡಿದಾಗ ನಿಜಕ್ಕೂ ಖುಷಿಯಾಯಿತು. ಬ್ರಯರ್ ನಮ್ಮ ಕಡೆಯ ಮರವಲ್ಲ. ಮೆಡಿಟರೇನಿಯನ್ ಕಡೆ ಬೆಳೆಯುವ ಎರಿಕಾ ಆರ್ಬೋರಿಯಾ ಅನ್ನೋ ಪೊದೆಗಿಡದ ಬುಡದಲ್ಲಿ ಬೇರಿಗೂ ಕಾಂಡಕ್ಕೂ ನಡುವೆ ಬರುವ ಗಂಟು ಅದು. ಗಟ್ಟಿ, ಬಿಸಿ ತಡೆಯುತ್ತದೆ. ಗಂಟನ್ನು ಕತ್ತರಿಸಿ, ಗಂಟೆಗಟ್ಟಲೆ ನೀರಲ್ಲಿ ಕುದಿಸಿ, ತಿಂಗಳುಗಟ್ಟಲೆ ಒಣಗಿಸಿ ಆಮೇಲೆ ಪೈಪ್ ಕಡೆಯುತ್ತಾರೆ. ಫ್ರಾನ್ಸಿನ ಸೇಂಟ್ ಕ್ಲೋಡ್ ಊರು 19ನೇ ಶತಮಾನದಿಂದ ಈ ಕೆಲಸಕ್ಕೇ ಹೆಸರಾದದ್ದು. ಒಂದು ಮಗ್ಗುಲಲ್ಲಿ ನೆಟ್ಟಗೆ ಏರುವ ಗೆರೆಗಳು, ಇನ್ನೊಂದು ಮಗ್ಗುಲಲ್ಲಿ ಸಣ್ಣ ಸಣ್ಣ ಕಣ್ಣುಗಳು. ಇಷ್ಟು ವರ್ಷ ಇದೆಲ್ಲ ಮುಚ್ಚಿಹೋಗಿತ್ತು.

ಆ ಕಪ್ಪುಗೆಂಪು ಬಣ್ಣ ಯಾಕೆ ಬಳಿದಿದ್ದರು ಅನ್ನೋದೂ ಗೊತ್ತಾಯಿತು. ಬಟ್ಟಲಿನ ಕೆಳಗೆ ಎರಡು ಕಡೆ ಪುಟ್ಟಿ ತುಂಬಿದ ಕಲೆಗಳಿದ್ದವು. ಬ್ರಯರ್‌ನಲ್ಲಿ ಸಣ್ಣ ತೂತು, ಕಲ್ಲು ಸಹಜ. ಅಗ್ಗದ ಪೈಪುಗಳಲ್ಲಿ ಪುಟ್ಟಿ ತುಂಬಿ ಮೇಲೆ ದಪ್ಪ ಬಣ್ಣ ಬಳಿಯುತ್ತಾರೆ. ಗೌಡರು "ಇದೇನಪ್ಪ ಗಾಯ?" ಅಂತ ಕೇಳಿದರು. ಪುಟ್ಟಿ ಗಟ್ಟಿಯಾಗಿದೆ, ಹಾಗೇ ಇರಲಿ ಅಂದೆ. ಅದನ್ನು ಮರೆಮಾಡೋಕೆ ಪೂರ್ತಿ ಮರಕ್ಕೆ ಮಸಿ ಬಳಿಯೋದು ನನಗೆ ಒಪ್ಪಿಗೆಯಿಲ್ಲ.

ಅಂಚು ಬಡಿದು ಬಡಿದು ತಗ್ಗಾಗಿತ್ತು. ಒದ್ದೆ ಬಟ್ಟೆ ಇಟ್ಟು ಬಿಸಿ ಇಸ್ತ್ರಿಪೆಟ್ಟಿಗೆ ತಾಗಿಸಿದರೆ, ಆವಿಗೆ ಮರ ಉಬ್ಬಿ ತಗ್ಗು ಎಷ್ಟೋ ಮೇಲೆ ಬರುತ್ತದೆ. ಆಮೇಲೆ 400, 600, 800, 1000 ನಂಬರ್ ಅಂತ ನಯವಾಗುತ್ತಾ ಹೋಗುವ ಸ್ಯಾಂಡ್ ಪೇಪರ್ ಬದಲಿಸುತ್ತಾ ಉಜ್ಜಿದೆ. ಹಲ್ಲಿನಲ್ಲಿ ಕಚ್ಚುವ ಕೊಳವೆಯನ್ನು ಪೈಪಿಗೆ ಸಿಕ್ಕಿಸಿಕೊಂಡೇ ಸಂದಿನ ಹತ್ತಿರ ಉಜ್ಜಬೇಕು. ಬಿಡಿಯಾಗಿ ಉಜ್ಜಿದರೆ ಎರಡರ ಅಂಚೂ ಗುಂಡಗಾಗಿ ಕೂಡುವ ಜಾಗದಲ್ಲಿ ಗೆರೆ ಬಿಡುತ್ತದೆ. ಕೊಳವೆ ವಲ್ಕನೈಟ್, ಅಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರ್. ಬಿಸಿಲಿಗೆ ಹಸಿರು ಹಳದಿಯಾಗಿತ್ತು. ನೀರು ಹಾಕಿ ಉಜ್ಜುವ ವಾಟರ್ ಪೇಪರ್‌ಗೆ ಮತ್ತೆ ಕಪ್ಪಾಯಿತು.

ಒಳಗಿನ ಹಳೇ ವಾಸನೆಗೆ ಬಟ್ಟಲಿಗೆ ಉಪ್ಪು ತುಂಬಿ, ರಮ್ ಹನಿಸಿ ರಾತ್ರಿಯಿಡೀ ಇಟ್ಟೆ. ಬೆಳಿಗ್ಗೆ ಉಪ್ಪು ಕಂದಾಗಿತ್ತು. ಬಾಯಿಗೆ ಹೋಗುವ ಜಾಗಕ್ಕೆ ಹಾರ್ಡ್‌ವೇರ್ ಅಂಗಡಿಯ ಸ್ಪಿರಿಟ್ ಹಾಕಬಾರದು, ಅದರಲ್ಲಿ ವಿಷ ಬೆರೆಸಿರುತ್ತಾರೆ.

ಕೊನೆಗೆ ಹೊಳಪು. ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವರು ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟುತ್ತದೆ. ಪೈಪಿನ ಮೇಣ ಹಚ್ಚುವುದೂ ಇದೇ ಕ್ರಮದಲ್ಲಿ. ತಿರುಗುವ ಬಟ್ಟೆ ಚಕ್ರಕ್ಕೆ ಕಾರ್ನೌಬಾ ಮೇಣ ತಾಗಿಸಿ, ಪೈಪನ್ನು ಹಗುರವಾಗಿ ಒತ್ತಬೇಕು. ಕಾರ್ನೌಬಾ ಅಂದರೆ ಬ್ರೆಜಿಲ್‌ನ ಒಂದು ತಾಳೆ ಜಾತಿಯ ಎಲೆಯಿಂದ ಬರುವ ಮೇಣ. ಸುಮಾರು 82ರಿಂದ 86 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಜೇನುಮೇಣ 62-64ಕ್ಕೇ ಕರಗುವುದರಿಂದ ಬಿಸಿ ಪೈಪಿನಲ್ಲಿ ಜಿಗುಟಾಗುತ್ತದೆ.

"ಹೊಳಪು ಮೊದಲಿನಷ್ಟಿಲ್ಲವಲ್ಲ" ಅಂದರು ಗೌಡರು. ಇಲ್ಲ, ನಿಜ. ಕೈಗೆ ಕೊಟ್ಟೆ. ಹೆಬ್ಬೆರಳಲ್ಲಿ ಸವರುತ್ತಾ ಕೂತರು, ಇನ್ನೊಂದು ಕೋಟಿನ ಮಾತು ಎತ್ತಲಿಲ್ಲ. ಮಂಕಾದರೆ ತನ್ನಿ, ಮತ್ತೆ ಮೇಣ ಹಿಡಿಸುವುದು ಸಣ್ಣ ಕೆಲಸ, ಕೊಬ್ಬರಿ ಎಣ್ಣೆ ಮಾತ್ರ ಹಚ್ಚಬೇಡಿ ಅಂತ ಹೇಳಿದ್ದೇನೆ. ಅದು ಒಣಗುವ ಎಣ್ಣೆಯಲ್ಲ, ಜಿಡ್ಡಾಗಿ ಕೂತು ಧೂಳು ಹಿಡಿಯುತ್ತದೆ, ಆಮೇಲೆ ಕಮಟು ವಾಸನೆ ಬರುತ್ತದೆ.