ತಲೆಕಟ್ಟಿಲ್ಲದ ಗೋಲಿ ಸೋಡಾ

ಬದಿಯಡ್ಕ, 14 ಡಿಸೆಂಬರ್ 2024, ಶನಿವಾರ

ಇವತ್ತಿಡೀ ಎರಡು ಪದದಲ್ಲೇ ಕಳೆಯಿತು. ಗೋಲಿ ಸೋಡಾ.

ಪೇಟೆಯಲ್ಲಿ ಸೋಡಾ ಅಂಗಡಿ ತೆರೆಯುವ ಹುಡುಗನೊಬ್ಬ ಬೋರ್ಡ್ ಮಾಡಿಸಲು ನನ್ನಲ್ಲಿಗೆ ಬಂದಿದ್ದ. ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಬೇಕು. ಕಾಸರಗೋಡಲ್ಲಿ ಬೋರ್ಡ್ ಅಂದರೆ ಹಾಗೇ ಅಲ್ವಾ. ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿ, "ಹೀಗೆ ಹಳೇ ಕಾಲದ ಹಾಗೆ ದಪ್ಪ ಬೇಕು" ಎಂದ. ನೋಡಿದರೆ ಕ್ಲಾರೆಂಡನ್, ಸ್ಲ್ಯಾಬ್ ಸೆರಿಫ್ ಜಾತಿಯ ಇಂಗ್ಲಿಷ್ ಫಾಂಟ್.

ಸ್ಲ್ಯಾಬ್ ಸೆರಿಫ್ ಅಂದರೆ ಅಕ್ಷರದ ತುದಿಗೆ ಹಲಗೆಯಂಥ ದಪ್ಪ ಪಾದ. ಗೋಡೆ ಜಾಹೀರಾತು ಜಾಸ್ತಿಯಾಗುತ್ತಿದ್ದ 1810ರ ದಶಕದಲ್ಲಿ ಲಂಡನ್ನಿನಲ್ಲಿ ಅಚ್ಚಿನ ಮೊಳೆ ಮಾಡುತ್ತಿದ್ದ ವಿನ್ಸೆಂಟ್ ಫಿಗಿನ್ಸ್ ಇಂಥದ್ದನ್ನು ಮಾರಿದ. ಹೆಸರು 'ಆಂಟೀಕ್'. ಹೊಚ್ಚ ಹೊಸ ಮಾಲಿಗೆ ಹಳೇದು ಅಂತ ಹೆಸರು! ಆಮೇಲೆ 'ಈಜಿಪ್ಶಿಯನ್' ಅಂತಲೂ ಕರೆದರು, ಈಜಿಪ್ಟಿಗೂ ಅದಕ್ಕೂ ಎಂತ ಸಂಬಂಧವೂ ಇಲ್ಲ. ಕ್ಲಾರೆಂಡನ್ ಬಂದದ್ದು 1845ರಲ್ಲಿ, ರಾಬರ್ಟ್ ಬೆಸ್ಲಿಯ ಫೌಂಡ್ರಿಯಿಂದ, ಅಂದರೆ ಮೊಳೆ ಎರಕ ಹೊಯ್ಯುವ ಕಾರ್ಖಾನೆಯಿಂದ. ಅದನ್ನು ಕಾನೂನು ಪ್ರಕಾರ ನೋಂದಾಯಿಸಿಯೂ ಆಗಿತ್ತು. ರಕ್ಷಣೆ ಸಿಕ್ಕಿದ್ದು ಮೂರೇ ವರ್ಷ. ಅದು ಮುಗಿದದ್ದೇ ತಡ, ಉಳಿದವರೆಲ್ಲ ನಕಲು ಹೊಡೆದರು.

ಇಂಗ್ಲಿಷ್ ಸಾಲು ಹತ್ತು ನಿಮಿಷದ ಕೆಲಸ. ಎಲ್, ಐ, ಡಿ, ಎ ಗಟ್ಟಿಯಾಗಿ ಕಾಲೂರಿ ನಿಂತವು. ಐ ಅಂತೂ ರೈಲು ಹಳಿಯ ತುಂಡಿನ ಹಾಗೆ.

ಕನ್ನಡಕ್ಕೆ ಎಂತ ಮಾಡುವುದು? ಬಲೂ ತಮ್ಮ ಎಂಬ ಕನ್ನಡ ಫಾಂಟ್ ಹಾಕಿ ನೋಡಿದೆ. ದಪ್ಪ ಉಂಟು, ಆದರೆ ತುದಿಯೆಲ್ಲ ದುಂಡಗೆ. ಪಕ್ಕದಲ್ಲಿ ಕ್ಲಾರೆಂಡನ್ ಇಟ್ಟರೆ ಪೈಲ್ವಾನನ ಜೊತೆ ಮಗು ನಿಲ್ಲಿಸಿದ ಹಾಗೆ. ಸರಿ, ನಾನೇ ಬಿಡಿಸುವ ಅಂತ ಕೂತೆ. ಇಂಗ್ಲಿಷಿಗೆ ಪಾದ ಹೇಗೋ ನಮಗೆ ತಲೆಕಟ್ಟು ಹಾಗೆ, ಅದನ್ನೇ ಹಲಗೆ ಮಾಡಿದರಾಯಿತು ಎಂಬ ಲೆಕ್ಕ. ಅರ್ಧ ಗಂಟೆ ಕೂತು 'ಗ' ಬಿಡಿಸಿದೆ, ಚಂದ ಬಂತು. ಆಮೇಲೆ ಓತ್ವ ಸೇರಿಸಿದೆ. ತಲೆಕಟ್ಟು ಹೋಯಿತು! 'ಲಿ'ಗೆ ಗುಡಿಸು, 'ಸೋ'ಗೆ ಮತ್ತೆ ಓತ್ವ, 'ಡಾ'ಗೆ ಇಳಿ. ನಾಲ್ಕಕ್ಷರದಲ್ಲಿ ಒಂದಕ್ಕೂ ತಲೆಕಟ್ಟಿಲ್ಲ ಮಾರಾಯ್ರೆ. ಇಷ್ಟು ವರ್ಷ ಇದೇ ಕೆಲಸ ಮಾಡಿಯೂ ಮೊದಲೇ ಹೊಳೆಯಲಿಲ್ಲ.

ಮಧ್ಯಾಹ್ನ ಚಾ ಕುಡಿಯಲು ಬಂದ ಹಳೇ ಪೈಂಟರಣ್ಣ ಸ್ಕ್ರೀನ್ ನೋಡಿ ನಕ್ಕರು. ಫ್ಲೆಕ್ಸ್ ಬಂದ ಮೇಲೆ ಅವರು ಬ್ರಶ್ ಹಿಡಿಯುವುದು ಅಪರೂಪ. ಹಳೇ ಪೇಪರಿನ ಮೇಲೆ ಚಪ್ಪಟೆ ಬ್ರಶ್ಶಿನಿಂದ ಸುಮ್ನೆ ಒಂದು 'ಗೋ' ಎಳೆದರು. ಗೆರೆ ಎಲ್ಲಿ ನಿಂತಿತೋ ಅಲ್ಲಿ ತುದಿ ಚೌಕವಾಗಿ ಕಡಿದಂತೆ ಬಂತು. ಓತ್ವದ ಕೊಂಡಿಯಲ್ಲೂ ಹಾಗೇ, ದೀರ್ಘದ ಬಾಲದಲ್ಲೂ ಹಾಗೇ. ಹಲಗೆಯನ್ನು ಬೇರೆಯಾಗಿ ಅಂಟಿಸುವ ಕೆಲಸವೇ ಇಲ್ಲ.

ಸಂಜೆ ನಾಲ್ಕೂ ಅಕ್ಷರ ಅದೇ ರೀತಿ ತಿದ್ದಿದೆ. 'ಡಾ' ಮಾತ್ರ ಕಾಡಿತು. ಗೆರೆ ದಪ್ಪ ಮಾಡಿದಷ್ಟೂ ಹೊಟ್ಟೆಯ ಸಂದು ಮುಚ್ಚುತ್ತದೆ, ರಸ್ತೆಯಾಚೆಯಿಂದ ನೋಡಿದರೆ ಕಪ್ಪು ಉಂಡೆ. ಕೊನೆಗೆ ಹೊರಗಿನ ಗೆರೆ ಹಾಗೇ ಬಿಟ್ಟು ಒಳಗಿನದನ್ನು ಸ್ವಲ್ಪ ಕೆರೆದೆ.

ಮಲಯಾಳದ ಸಾಲು ಬಾಕಿ. ಅದರ ತುದಿಗಳೆಲ್ಲ ಒಳಗೆ ಸುತ್ತಿಕೊಂಡು ಕೂತಿವೆ. ಪೈಂಟರಣ್ಣನಿಗೆ ನಾಳೆ ಬೆಳಗ್ಗೆ ಬರಲು ಹೇಳಿದ್ದೇನೆ, ಬ್ರಶ್ ಸಮೇತ.